ಮೆಕ್ಕೆಜೋಳದ ಬೆಂಡಿನಿಂದ ಸಿಟ್ರಿಕ್ ಆಮ್ಲ: ನೂರು ಗ್ರಾಂನ ಲೆಕ್ಕದಲ್ಲಿ ಮಾಡಿ ನೋಡುವ ಕ್ರಮ

ದೀಪಾವಳಿಯ ಆಚೀಚೆ ದಾವಣಗೆರೆಯಿಂದ ಜಗಳೂರಿನ ಕಡೆಗೋ ಆನಗೋಡಿನ ಕಡೆಗೋ ಹೊರಟರೆ ರಸ್ತೆಯ ಅಂಚಿನಲ್ಲಿ ಮೆಕ್ಕೆಜೋಳ ಒಣಗಲು ಹರವಿರುವುದು ಕಾಣುತ್ತದೆ. ಕಾಳು ಬಿಡಿಸುವ ಯಂತ್ರ ಒಂದು ಕಣದಿಂದ ಮತ್ತೊಂದು ಕಣಕ್ಕೆ ಹೋದ ಮೇಲೆ ಅಲ್ಲಿ ಉಳಿಯುವುದು ಬೆಂಡಿನ ರಾಶಿ. ಅದರಲ್ಲಿ ಒಂದಿಷ್ಟು ಒಲೆಗೆ ಹೋಗುತ್ತದೆ. ಮಿಕ್ಕದ್ದು ಮಳೆಗೆ ನೆನೆದು ಕಪ್ಪಾಗುತ್ತದೆ ಅಥವಾ ಬದುವಿನಲ್ಲಿಯೇ ಸುಟ್ಟುಹೋಗುತ್ತದೆ. ಈ ಬೆಂಡಿನ ಒಣತೂಕದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಸಕ್ಕರೆಯ ಅಣುಗಳೇ ಸರಪಳಿಯಂತೆ ಹೆಣೆದುಕೊಂಡ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ಇವೆ. ಮನುಷ್ಯನಿಗೆ ಅದು ಆಹಾರವಲ್ಲ, ದನಕ್ಕೂ ಅದರಿಂದ ಹೆಚ್ಚಿನ ಪೋಷಣೆ ಇಲ್ಲ. ಆದರೆ ಆ ಸರಪಳಿಯನ್ನು ಬಿಡಿಸಬಲ್ಲ ಶಿಲೀಂಧ್ರವೊಂದಿದೆ, ಬಿಡಿಸಿದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸಬಲ್ಲ ಶಿಲೀಂಧ್ರ ಇನ್ನೊಂದಿದೆ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಪಾತ್ರೆ), ಶೇಕರ್ (ಫ್ಲಾಸ್ಕು ಅಲುಗಾಡಿಸುವ ಯಂತ್ರ) ಮತ್ತು ಕಲರಿಮೀಟರ್ (ಬಣ್ಣದ ಗಾಢತೆ ಅಳೆಯುವ ಉಪಕರಣ) ಇರುವ ಯಾವುದೇ ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯದಲ್ಲಿ ನೂರು ಗ್ರಾಂ ಬೆಂಡಿನಿಂದ ಹೊರಟು ಸಿಟ್ರಿಕ್ ಆಮ್ಲದವರೆಗೆ ತಲುಪುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಬೆಂಡನ್ನೇ ಏಕೆ ಆರಿಸಬೇಕು ಎಂಬ ಪ್ರಶ್ನೆಗೆ ಮೊದಲು ಉತ್ತರಿಸಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತದ ಹುಲ್ಲು ಹೇರಳವಾಗಿ ಸಿಗುವುದು ನಿಜವಾದರೂ ಅದು ದನಗಳ ಮೇವು. ಬೇಸಿಗೆಯಲ್ಲಿ ಹುಲ್ಲಿಗೆ ಪರದಾಡುವ ಜಿಲ್ಲೆಗಳಲ್ಲಿ ಅದನ್ನು ತ್ಯಾಜ್ಯವೆಂದು ಕರೆಯುವುದು ಸರಿಯಲ್ಲ. ಅದರಲ್ಲಿ ಸಿಲಿಕಾ ಕೂಡ ಹೆಚ್ಚಾಗಿದ್ದು, ಪುಡಿ ಮಾಡುವ ಯಂತ್ರದ ಅಲಗುಗಳನ್ನು ಸವೆಸುತ್ತದೆ. ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆಯಲ್ಲಿ ಲಿಗ್ನಿನ್ ಪ್ರಮಾಣ ಬಹಳ ಹೆಚ್ಚು. ಸೆಲ್ಯುಲೋಸಿನ ಸುತ್ತ ಗಾರೆಯಂತೆ ಕಟ್ಟಿಕೊಂಡಿರುವ ಆ ವಸ್ತುವನ್ನು ತೆಗೆಯುವುದರಲ್ಲಿಯೇ ಅರ್ಧ ಶ್ರಮ ಕಳೆದುಹೋಗುತ್ತದೆ. ಚನ್ನಗಿರಿಯ ಅಡಿಕೆ ಸಿಪ್ಪೆಯ ನಾರು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಮೆಕ್ಕೆಜೋಳದ ಬೆಂಡು ಮಾತ್ರ ಒಂದೇ ಕಡೆ ರಾಶಿಯಾಗಿ ಸಿಗುತ್ತದೆ, ಒಣಗಿದರೆ ರವೆಯಂತೆ ಪುಡಿಯಾಗುತ್ತದೆ, ಅದರಲ್ಲಿ ಸೆಲ್ಯುಲೋಸ್ ಶೇ. 35ರಿಂದ 40ರವರೆಗೂ ಹೆಮಿಸೆಲ್ಯುಲೋಸ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿಯೂ ಇರುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಈ ಸೀಮೆಯಲ್ಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಕಾಲದಲ್ಲಿ ಸಿಟ್ರಿಕ್ ಆಮ್ಲವನ್ನು ನಿಂಬೆಯ ರಸದಿಂದ ತೆಗೆಯುತ್ತಿದ್ದರು. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆಯಿಂದ ಈ ಆಮ್ಲವನ್ನು ಯಥೇಚ್ಛವಾಗಿ ತಯಾರಿಸುತ್ತದೆಂದು ಜೇಮ್ಸ್ ಕರಿ 1917ರಲ್ಲಿ ತೋರಿಸಿಕೊಟ್ಟರು. 1919ರಲ್ಲಿ ಫೈಜರ್ ಕಂಪನಿ ಆ ವಿಧಾನದಿಂದ ಉತ್ಪಾದನೆ ಆರಂಭಿಸಿತು. ಸರಪಳಿ ಬಿಡಿಸುವ ಟ್ರೈಕೋಡರ್ಮಾ ರೀಸಿಯದು ಬೇರೆಯೇ ಕಥೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿಬಟ್ಟೆಯ ಡೇರೆಗಳನ್ನು ತಿಂದು ಹಾಳು ಮಾಡುತ್ತಿದ್ದ ಶಿಲೀಂಧ್ರವದು. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್ ತಾನೇ.

ಶಿಲೀಂಧ್ರವನ್ನು ತರಿಸಿಕೊಳ್ಳುವುದು

ಕೊಳೆತ ಈರುಳ್ಳಿಯ ಮೇಲಿನ ಕಪ್ಪು ಬೂಷ್ಟನ್ನೋ ಬೆಂಡಿನ ಮೇಲೆ ತಾನಾಗಿ ಬೆಳೆದದ್ದನ್ನೋ ಕೆರೆದು ತಂದು ಬಳಸಬಾರದು. ಕೆಲವು ಕಾಡು ತಳಿಗಳು ಆಕ್ರಾಟಾಕ್ಸಿನ್‌ನಂಥ ವಿಷವನ್ನು ಉತ್ಪಾದಿಸುತ್ತವೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮೆಕ್ಕೆಜೋಳ ಮತ್ತು ಶೇಂಗಾದ ಮೇಲೆ ಸಾಮಾನ್ಯವಾಗಿ ಬೆಳೆಯುವ ಹಳದಿಮಿಶ್ರಿತ ಹಸಿರಿನ ಆಸ್ಪರ್ಜಿಲಸ್ ಫ್ಲೇವಸ್ ಜೊತೆಗೆ ಸೇರಿಕೊಂಡರೆ ಅಫ್ಲಾಟಾಕ್ಸಿನ್ ಎಂಬ ಯಕೃತ್ತಿನ ಕ್ಯಾನ್ಸರ್‌ಕಾರಕ ಬರುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿರುವ ಔದ್ಯೋಗಿಕ ಸೂಕ್ಷ್ಮಜೀವಿಗಳ ಸಂಗ್ರಹದಿಂದ ಅಥವಾ ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ತಳಿಗಳ ಸಂಗ್ರಹದಿಂದ, ಸಿಟ್ರಿಕ್ ಆಮ್ಲಕ್ಕೆಂದೇ ಗುರುತಿಸಿದ ನೈಜರ್ ತಳಿಯನ್ನೂ ಸೆಲ್ಯುಲೋಸಿನ ಸರಪಳಿ ಬಿಡಿಸುವ ಸೆಲ್ಯುಲೇಸ್ ಎಂಬ ಕಿಣ್ವಕ್ಕೆಂದು ಗುರುತಿಸಿದ ರೀಸಿ ತಳಿಯನ್ನೂ ಸಂಸ್ಥೆಯ ಹೆಸರಿನಲ್ಲಿ ಪತ್ರ ಬರೆದು ತರಿಸಿಕೊಳ್ಳಿ. ಬೀಜೋಪಚಾರಕ್ಕೆ ಮತ್ತು ಬೇರುಕೊಳೆ ತಡೆಗೆ ರೈತರು ಬಳಸುವ ಟ್ರೈಕೋಡರ್ಮಾ ಪುಡಿ ಇದೇ ಕುಲಕ್ಕೆ ಸೇರಿದ್ದರೂ ಅದನ್ನು ಆರಿಸಿರುವುದು ರೋಗಾಣುಗಳನ್ನು ಹತ್ತಿಕ್ಕುವುದಕ್ಕೆ. ಕಿಣ್ವದ ಇಳುವರಿಗಾಗಿ ಅದನ್ನು ನೆಚ್ಚಿಕೊಳ್ಳಲಾಗದು.

ಎರಡನ್ನೂ ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗರ್‌ನ ಓರೆ ಕೊಳವೆಗಳಲ್ಲಿ 28ರಿಂದ 30 ಡಿಗ್ರಿಯಲ್ಲಿ ಐದರಿಂದ ಏಳು ದಿನ ಬೆಳೆಸಿ. ಶೇ. 0.1ರ ಟ್ವೀನ್ 80 (ಬೀಜಕಗಳು ನೀರಿನಲ್ಲಿ ಬೆರೆಯಲು ನೆರವಾಗುವ ಸಾಬೂನಿನಂಥ ವಸ್ತು) ಬೆರೆಸಿ ಕ್ರಿಮಿಶುದ್ಧಗೊಳಿಸಿದ ನೀರನ್ನು ಹಾಕಿ ಬೀಜಕಗಳನ್ನು ಮೆಲ್ಲಗೆ ಬಿಡಿಸಿ, ಹೀಮೋಸೈಟೋಮೀಟರ್ ಎಂಬ ಎಣಿಕೆಯ ಗಾಜಿನ ಫಲಕದಲ್ಲಿ ಎಣಿಸಿ, ಮಿಲಿಲೀಟರಿಗೆ ಒಂದು ಕೋಟಿಯ ಸುಮಾರಿಗೆ ತಂದಿಟ್ಟುಕೊಳ್ಳಿ. ನೈಜರ್‌ನ ಬೀಜಕಗಳು ಮಸಿಯಂತೆ ಹಾರುತ್ತವೆ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕಬಾರದು, ಉಳಿದವರೂ ಮುಖಗವಸು ಹಾಕಿಕೊಂಡೇ ಕೊಳವೆಯ ಹತ್ತಿ ತೆಗೆಯಬೇಕು.

ಬೆಂಡಿನ ಹದ

ಬೂಷ್ಟು ಹಿಡಿಯದ, ಮುರಿದರೆ ಲಟಕ್ಕೆಂದು ಸದ್ದು ಬರುವಷ್ಟು ಒಣಗಿದ ಬೆಂಡನ್ನು ಆರಿಸಿ. ಅದನ್ನು ಪಶುಆಹಾರ ಪುಡಿ ಮಾಡುವ ಹ್ಯಾಮರ್ ಮಿಲ್ಲಿನಲ್ಲಿ ಒಡೆಸಿ, ಒಂದರಿಂದ ಎರಡು ಮಿಲಿಮೀಟರಿನ ಜರಡಿಯಲ್ಲಿ ಸೋಸಿಕೊಳ್ಳಿ. ಹಿಟ್ಟಿನಷ್ಟು ನುಣ್ಣಗಾದರೆ ಮುಂದೆ ತೊಳೆಯುವಾಗ ಬಟ್ಟೆಯ ಕಣ್ಣು ಕಟ್ಟಿಕೊಳ್ಳುತ್ತದೆ. ನೂರು ಗ್ರಾಂ ತೂಗಿಕೊಂಡು, ಒಂದು ಲೀಟರ್ ನೀರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ದ್ರಾವಣದಲ್ಲಿ ನೆನೆಸಿ, ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಮೂವತ್ತು ನಿಮಿಷ ಇಡಿ. ಗಾಜಿನ ಅಥವಾ ಸ್ಟೀಲಿನ ಪಾತ್ರೆಯನ್ನೇ ಬಳಸಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ಹೊರತೆಗೆದಾಗ ದ್ರಾವಣ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಆ ಕಪ್ಪೇ ಕರಗಿ ಬಂದ ಲಿಗ್ನಿನ್. ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಹಂತದಲ್ಲಿ ಯಾರೂ ನಿಲ್ಲಬಾರದು.

ಆಮೇಲೆ ತೊಳೆಯುವುದು. ಪಿಎಚ್ ಕಾಗದದ ಮೇಲೆ ಏಳರ ಆಸುಪಾಸು ಬರುವವರೆಗೆ ತೊಳೆಯಬೇಕಾದ್ದರಿಂದ ನೀರು ಬಹಳ ಬೇಕಾಗುತ್ತದೆ, ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಇದನ್ನು ಸಣ್ಣ ಸಂಗತಿಯೆಂದು ಬಿಡಲಾಗದು. ಮೊದಲನೆಯ ತೊಳೆತದ ನೀರಿನಲ್ಲಿ ಸೋಡಾ ಇನ್ನೂ ಸಾಕಷ್ಟಿರುವುದರಿಂದ ಅದನ್ನು ತೆಗೆದಿಟ್ಟು ಮುಂದಿನ ಸಲದ ದ್ರಾವಣ ಕಲಸಲು ಬಳಸಿ. ಕೊನೆಯೆರಡು ತೊಳೆತದ ನೀರನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಇಟ್ಟುಕೊಳ್ಳಿ. ಕಪ್ಪು ದ್ರಾವಣವನ್ನು ಆಮ್ಲದಿಂದ ತಟಸ್ಥಗೊಳಿಸಿ ಪ್ರಯೋಗಾಲಯದ ತ್ಯಾಜ್ಯದ ಡಬ್ಬಿಗೆ ಹಾಕಬೇಕು. ಅದರ ಸೋಡಿಯಂ ಮಣ್ಣನ್ನು ಚೌಳು ಮಾಡುವುದರಿಂದ ಗಿಡಗಳ ಬುಡಕ್ಕೆ ಸುರಿಯಕೂಡದು.

ಒಣಗಿಸಿ ತೂಗಿದರೆ ನೂರು ಗ್ರಾಂನಲ್ಲಿ ಸುಮಾರು 60 ಗ್ರಾಂ ಉಳಿದಿರುತ್ತದೆ. ಹೋದದ್ದು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸಿನ ಒಂದು ಪಾಲು. ಸೆಲ್ಯುಲೋಸ್ ಬಹುಪಾಲು ಹಾಗೆಯೇ ಇದೆ. ಈ ತೂಕವನ್ನು ಪುಸ್ತಕದಲ್ಲಿ ಬರೆದಿಡಿ. ಇಲ್ಲಿಂದ ಮುಂದಿನ ಪ್ರತಿ ಹಂತದ ಲೆಕ್ಕವೂ ಇದರ ಮೇಲೆಯೇ ನಿಲ್ಲುತ್ತದೆ.

ಸರಪಳಿ ಬಿಡಿಸುವ ಕಿಣ್ವ

ಕಿಣ್ವಕ್ಕೆ ಟ್ರೈಕೋಡರ್ಮಾವನ್ನು ದ್ರವದಲ್ಲಿ ಬೆಳೆಸುವುದಕ್ಕಿಂತ ಒದ್ದೆ ಪುಡಿಯ ಮೇಲೆ ಬೆಳೆಸುವುದು ಸಣ್ಣ ಪ್ರಯೋಗಾಲಯಕ್ಕೆ ಅನುಕೂಲ. ಮೇಲಿನ 60 ಗ್ರಾಂ ಅಲ್ಲದೆ ಬೇರೆಯಾಗಿ ತೆಗೆದುಕೊಂಡ ನಾಲ್ಕು ಪಾಲು ಬೆಂಡಿನ ಪುಡಿಗೆ ಒಂದು ಪಾಲು ಗೋಧಿ ಬೂಸಾ ಬೆರೆಸಿ, ಒಟ್ಟು 150 ಗ್ರಾಂ ತೆಗೆದುಕೊಳ್ಳಿ. ತೇವಕ್ಕೆ ಮ್ಯಾಂಡೆಲ್ಸ್ ಲವಣದ್ರಾವಣ ಬಳಸಬೇಕು: ಲೀಟರಿಗೆ ಅಮೋನಿಯಂ ಸಲ್ಫೇಟ್ 1.4 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2 ಗ್ರಾಂ, ಯೂರಿಯಾ, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ತಲಾ 0.3 ಗ್ರಾಂ, ಜೊತೆಗೆ ಕಬ್ಬಿಣ, ಸತು, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಲವಣಗಳು ಮಿಲಿಗ್ರಾಂ ಲೆಕ್ಕದಲ್ಲಿ, ಪಿಎಚ್ 5.

ತೇವದ ಹದವನ್ನು ಎಷ್ಟು ಅಂಕಿಗಳಲ್ಲಿ ಹೇಳಿದರೂ ಕೈಗೆ ಗೊತ್ತಾಗಬೇಕು. ನಮ್ಮೂರಿನಲ್ಲಿ ಮಂಡಕ್ಕಿ ಒಗ್ಗರಣೆ ಮಾಡುವವರು ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ತೆಗೆದು ಹಿಂಡುವುದನ್ನು ನೋಡಿರುತ್ತೀರಿ: ಹಿಡಿಯಲ್ಲಿ ಮೆತ್ತಗೆ ಕೂಡಿಕೊಳ್ಳುತ್ತದೆ, ಆದರೆ ಬೆರಳ ಸಂದಿನಿಂದ ನೀರು ತೊಟ್ಟಿಕ್ಕುವುದಿಲ್ಲ, ಕೈ ಬಿಟ್ಟರೆ ಬಿಡಿಬಿಡಿಯಾಗಿ ಉದುರುತ್ತದೆ. ಬೆಂಡಿನ ಪುಡಿಯೂ ಸರಿಯಾಗಿ ಆ ಹದಕ್ಕೆ ಬಂದರೆ ತೇವಾಂಶ ಶೇ. 65ರ ಸುಮಾರಿಗಿರುತ್ತದೆ. ಹೆಚ್ಚು ಒದ್ದೆಯಾದರೆ ಕಣಗಳ ನಡುವಿನ ಗಾಳಿ ಹೋಗಿ ಬ್ಯಾಕ್ಟೀರಿಯಾ ಹುಳಿ ವಾಸನೆ ಎಬ್ಬಿಸುತ್ತವೆ. ಕಡಿಮೆಯಾದರೆ ಶಿಲೀಂಧ್ರದ ಎಳೆಗಳ ಬಲೆಯಾದ ಕವಕಜಾಲ ಹರಡುವುದೇ ಇಲ್ಲ.

ಆಟೋಕ್ಲೇವ್ ಮಾಡಿ ತಣಿದ ಮೇಲೆ, ಒಂದು ಗ್ರಾಂ ಒಣಪುಡಿಗೆ ಕನಿಷ್ಠ ಹತ್ತು ಲಕ್ಷ ಬೀಜಕಗಳಂತೆ ಬೆರೆಸಿ, ತಟ್ಟೆಗಳಲ್ಲಿ ಎರಡೂವರೆ ಸೆಂಟಿಮೀಟರ್ ಮೀರದ ದಪ್ಪಕ್ಕೆ ಹರವಿ, ಶುಚಿಯಾದ ಬಟ್ಟೆ ಮುಚ್ಚಿ, 28ರಿಂದ 30 ಡಿಗ್ರಿಯಲ್ಲಿ ಆರೇಳು ದಿನ ಬಿಡಿ. ಬೆಳೆಯುವ ಶಿಲೀಂಧ್ರ ಶಾಖವನ್ನು ಬಿಡುತ್ತದೆ. ದಪ್ಪ ಹರವಿದರೆ ನಡುಭಾಗ ತನ್ನ ಶಾಖಕ್ಕೆ ತಾನೇ ಬೆಂದುಹೋಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ದಾವಣಗೆರೆಯ ಕೊಠಡಿಯಲ್ಲಿ ಇನ್‌ಕ್ಯುಬೇಟರ್ ಇಲ್ಲದೆ ಈ ಕೆಲಸಕ್ಕೆ ಹೊರಡಬೇಡಿ. ಮೊದಲು ಬಿಳಿಯ ನೂಲು ಹರಡಿ, ನಾಲ್ಕೈದು ದಿನಗಳಲ್ಲಿ ಎಲೆಹಸಿರು ಬೀಜಕಗಳು ಮೂಡುತ್ತವೆ. ಟ್ರೈಕೋಡರ್ಮಾದ ಹಸಿರನ್ನೂ ಫ್ಲೇವಸ್‌ನ ಹಸಿರನ್ನೂ ಬರಿಗಣ್ಣಿನಿಂದ ಬೇರ್ಪಡಿಸಲು ಹೋಗಬಾರದು. ಪ್ರತಿ ತಟ್ಟೆಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ದುಂಡನೆಯ ತುದಿಯ ಮೇಲೆ ಬೀಜಕಗಳ ಸಾಲು ಕಂಡರೆ ಅದು ಆಸ್ಪರ್ಜಿಲಸ್. ಒಮ್ಮೆ ನಮ್ಮ ಎಂಟು ತಟ್ಟೆಗಳಲ್ಲಿ ಒಂದರ ಮೂಲೆಯಲ್ಲಿ ಅದು ಕಂಡಿತು. ಒಂದೇ ಕೊಠಡಿಯಲ್ಲಿದ್ದ ಕಾರಣಕ್ಕೆ ಎಂಟನ್ನೂ ಆಟೋಕ್ಲೇವ್ ಮಾಡಿ ಹೊರಗೆ ಹಾಕಿದೆವು. ವಿದ್ಯಾರ್ಥಿಗಳ ಒಂದು ವಾರದ ಶ್ರಮ ಹೋಯಿತೆಂಬ ಸಂಕಟವಿದ್ದರೂ ಆ ನಿರ್ಧಾರದಲ್ಲಿ ಚೌಕಾಸಿಗೆ ಎಡೆಯಿಲ್ಲ.

ಕಿಣ್ವವನ್ನು ತೆಗೆಯುವುದು ಸುಲಭ: ಗ್ರಾಂಗೆ ಹತ್ತು ಮಿಲಿಲೀಟರಿನಂತೆ ದ್ರವ ಹಾಕಿ, ಒಂದು ಗಂಟೆ ಅಲುಗಾಡಿಸಿ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ಸೋಸಿ. ಆದರೆ ಯಾವ ದ್ರವ ಎಂಬುದರಲ್ಲಿ ನಾವು ಒಂದು ವರ್ಷ ತಪ್ಪಿದ್ದೇವೆ. ಕಿಣ್ವದ ಪಾಠಗಳಲ್ಲೆಲ್ಲ ಪಿಎಚ್ 4.8ರ ಸಿಟ್ರೇಟ್ ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ, ಸಿಟ್ರಿಕ್ ಆಮ್ಲದಿಂದ ಮಾಡಿದ ದ್ರಾವಣ) ಎಂದೇ ಇರುವುದರಿಂದ ಅದನ್ನೇ ಹಾಕಿದೆವು. ಕೊನೆಯಲ್ಲಿ ಆಮ್ಲವನ್ನು ಅಳೆದಾಗ ಇಳುವರಿ ಸೊಗಸಾಗಿತ್ತು. ಶಿಲೀಂಧ್ರ ಹಾಕದೆ ಇಟ್ಟಿದ್ದ ಫ್ಲಾಸ್ಕನ್ನು ವಿದ್ಯಾರ್ಥಿನಿಯೊಬ್ಬರು ಕುತೂಹಲಕ್ಕೆ ಅಳೆದು, "ಸರ್, ಇದರಲ್ಲೂ ಆಮ್ಲ ಬರುತ್ತಿದೆಯಲ್ಲ" ಎಂದಾಗ ವಿಷಯ ತಿಳಿಯಿತು: ನಾವು ಅಳೆಯುತ್ತಿದ್ದುದರಲ್ಲಿ ಹೆಚ್ಚಿನ ಪಾಲು ನಾವೇ ಸುರಿದ ಸಿಟ್ರೇಟ್. ಆದ್ದರಿಂದ ಭಟ್ಟಿ ಇಳಿಸಿದ ನೀರಿಗೆ ದುರ್ಬಲ ಗಂಧಕಾಮ್ಲ ಹನಿಸಿ ಪಿಎಚ್ 4.8ಕ್ಕೆ ತಂದು ಅದನ್ನೇ ಬಳಸಿ. ಕಿಣ್ವ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ರೂಢಿಯೂ ಇಲ್ಲಿ ಸಲ್ಲದು, ಏಕೆಂದರೆ ಅದು ಮುಂದೆ ಬರುವ ನೈಜರ್‌ಗೂ ವಿಷ. ನಾಲ್ಕು ಡಿಗ್ರಿಯಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಬಳಸಿಬಿಡಿ.

ಕಿಣ್ವದ ಬಲವನ್ನು ಫಿಲ್ಟರ್ ಪೇಪರ್ ಪರೀಕ್ಷೆಯಿಂದ ತಿಳಿಯಬೇಕು: 50 ಮಿಲಿಗ್ರಾಂ ತೂಕದ, ಒಂದು ಸೆಂಟಿಮೀಟರ್ ಅಗಲ ಆರು ಸೆಂಟಿಮೀಟರ್ ಉದ್ದದ ವಾಟ್‌ಮನ್ 1 ಕಾಗದದ ಪಟ್ಟಿಯನ್ನು ಕಿಣ್ವದೊಂದಿಗೆ 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಿಡುಗಡೆಯಾದ ಸಕ್ಕರೆಯನ್ನು ಡಿಎನ್ಎಸ್ (ಸಕ್ಕರೆಯಿದ್ದಷ್ಟೂ ಬಣ್ಣ ಗಾಢವಾಗುವ) ವಿಧಾನದಲ್ಲಿ 540 ನ್ಯಾನೋಮೀಟರಿನಲ್ಲಿ ಓದುವುದು. ಗ್ರಾಂ ಬೆಂಡಿಗೆ 15 ಘಟಕಗಳಷ್ಟಾದರೂ ಬೇಕು. ಮೊದಲ ಸಲ ಅಷ್ಟು ಬಲ ಬರದಿದ್ದರೆ ಕೊರತೆಯನ್ನು ಕೊಂಡ ಸೆಲ್ಯುಲೇಸ್‌ನಿಂದ ತುಂಬಿಕೊಂಡು ಮುಂದುವರಿಯಿರಿ.

ಸಕ್ಕರೆ

60 ಗ್ರಾಂ ಹದಗೊಂಡ ಬೆಂಡನ್ನು 1.2 ಲೀಟರ್ ಕಿಣ್ವದ ದ್ರವದಲ್ಲಿ 50 ಡಿಗ್ರಿಗೆ 72 ಗಂಟೆ ಅಲುಗಾಡಿಸಿ. ರೀಸಿಯ ಕಿಣ್ವದಲ್ಲಿ ಕೊನೆಯ ಜೋಡಿಯನ್ನು ಬಿಡಿಸುವ ಬೀಟಾ-ಗ್ಲುಕೋಸಿಡೇಸ್ ಕಡಿಮೆ ಇರುವುದರಿಂದ ಸರಪಳಿ ಕೊನೆಯವರೆಗೆ ಬಿಡದೆ ಎರಡೆರಡು ಕೊಂಡಿಗಳ ಸೆಲ್ಲೋಬಯೋಸ್ ಆಗಿ ನಿಂತು, ಅದೇ ಕಿಣ್ವಕ್ಕೆ ತಡೆಯೊಡ್ಡುತ್ತದೆ. ನೈಜರ್ ಅನ್ನು ಬೂಸಾದ ಮೇಲೆ ಬೆಳೆಸಿ ತೆಗೆದ ಸಾರವನ್ನು ಸ್ವಲ್ಪ ಸೇರಿಸಿದರೆ ಈ ತೊಡಕು ಬಿಡುತ್ತದೆ.

ಲೆಕ್ಕ ಹೀಗೆ: ಒಂದು ಗ್ರಾಂ ಸೆಲ್ಯುಲೋಸ್ ನೀರನ್ನು ಸೇರಿಸಿಕೊಂಡು 1.11 ಗ್ರಾಂ ಗ್ಲೂಕೋಸ್ ಆಗುತ್ತದೆ. 60 ಗ್ರಾಂನಲ್ಲಿ 34 ಗ್ರಾಂ ಸೆಲ್ಯುಲೋಸ್ ಇದ್ದರೆ ಗರಿಷ್ಠ 38 ಗ್ರಾಂ ಗ್ಲೂಕೋಸ್ ಸಾಧ್ಯ. ಅದರ ಮುಕ್ಕಾಲು ಪಾಲು, ಅಂದರೆ 28 ಗ್ರಾಂ ಬಂದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಆದರೆ ಅದು 1.2 ಲೀಟರಿನಲ್ಲಿ ಹರಡಿದೆ, ಶೇ. 2.3 ಮಾತ್ರ. ಇಷ್ಟು ತೆಳು ಸಕ್ಕರೆಯಲ್ಲಿ ನೈಜರ್ ಮೈ ಬೆಳೆಸಿಕೊಳ್ಳುತ್ತದೆಯೇ ಹೊರತು ಆಮ್ಲ ಬಿಡುವುದಿಲ್ಲ. ಅದಕ್ಕೆ ಶೇ. 14ರ ಸುಮಾರಿನ ಸಕ್ಕರೆ ಬೇಕು. ಸೋಸಿದ ದ್ರವವನ್ನು 60 ಡಿಗ್ರಿಯ ಒಳಗೆ, ಸಾಧ್ಯವಾದರೆ ರೋಟರಿ ಇವ್ಯಾಪೊರೇಟರಿನಲ್ಲಿ, 200 ಮಿಲಿಲೀಟರಿಗೆ ಇಳಿಸಬೇಕು.

ಹೀಗೆ ಇಳಿಸುವಾಗ ಬೂಸಾದಿಂದ ಬಂದ ಕಬ್ಬಿಣ ಮತ್ತು ಮ್ಯಾಂಗನೀಸ್ ಕೂಡ ಆರು ಪಟ್ಟು ಗಟ್ಟಿಯಾಗುತ್ತವೆ. ಸಿಟ್ರಿಕ್ ಆಮ್ಲದ ಮಟ್ಟಿಗೆ ಮ್ಯಾಂಗನೀಸ್ ದೊಡ್ಡ ಶತ್ರು. ಕೋಟಿಯಲ್ಲಿ ಕೆಲವೇ ಪಾಲಿದ್ದರೂ ಇಳುವರಿ ಕುಸಿಯುತ್ತದೆ. ದ್ರವವನ್ನು ಕ್ಯಾಟಯಾನ್ ವಿನಿಮಯ ರಾಳದ ಕಂಬದ ಮೂಲಕ ನಿಧಾನವಾಗಿ ಹಾಯಿಸಿ. ಲೋಹಗಳ ಜಾಗಕ್ಕೆ ಹೈಡ್ರೋಜನ್ ಬರುವುದರಿಂದ ಪಿಎಚ್ ತಾನಾಗಿ ಇಳಿಯುತ್ತದೆ, ನಮಗೂ ಬೇಕಾದದ್ದು ಅದೇ. ಇಲ್ಲಿಂದ ಮುಂದೆ ಕೊಳವೆಬಾವಿಯ ಗಡಸು ನೀರು ಒಂದು ಹನಿಯೂ ಸೋಕಬಾರದು. ಗಾಜಿನ ಸಾಮಾನನ್ನೆಲ್ಲ ಆಮ್ಲದಲ್ಲಿ ಜಾಲಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದಿರಬೇಕು.

ಆಮ್ಲ

200 ಮಿಲಿಲೀಟರ್ ದ್ರವಕ್ಕೆ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.2 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.05 ಗ್ರಾಂ ಸೇರಿಸಿ. ಅಮೋನಿಯಂ ನೈಟ್ರೇಟ್ ಸಾಮಾನ್ಯವಾಗಿ ಲೀಟರಿಗೆ 2.5 ಗ್ರಾಂ ಹಾಕುತ್ತಾರೆ. ಕಿಣ್ವದ ಸಾರದೊಂದಿಗೆ ಸಾರಜನಕ ಈಗಾಗಲೇ ಬಂದಿರುವುದರಿಂದ ಅದರ ಅರ್ಧ, ಅಂದರೆ ಇಲ್ಲಿ 0.25 ಗ್ರಾಂ ಸಾಕು. ಪಿಎಚ್ ಅನ್ನು 3ರಿಂದ 3.5ಕ್ಕೆ ಹೊಂದಿಸಿ. ನಾಲ್ಕಕ್ಕಿಂತ ಮೇಲಿದ್ದರೆ ಸಕ್ಕರೆ ಗ್ಲುಕೋನಿಕ್ ಮತ್ತು ಆಕ್ಸಾಲಿಕ್ ಆಮ್ಲಗಳತ್ತ ತಿರುಗಿ ವ್ಯರ್ಥವಾಗುತ್ತದೆ. 250 ಮಿಲಿಲೀಟರಿನ ನಾಲ್ಕು ಫ್ಲಾಸ್ಕುಗಳಿಗೆ ಐವತ್ತೈವತ್ತು ಮಿಲಿಲೀಟರ್ ಹಂಚಿ, ಹತ್ತಿ ಮುಚ್ಚಿ, ಕ್ರಿಮಿಶುದ್ಧಗೊಳಿಸಿ. ತಣಿದ ಮೇಲೆ ಶೇ. 2ರಿಂದ 3 ಮೆಥನಾಲ್ ಹಾಕಿದರೆ ಉಳಿದ ಲೋಹಗಳ ಕೆಡುಕು ತಗ್ಗುತ್ತದೆ. ಮೆಥನಾಲ್ ವಿಷ ಮತ್ತು ಬೆಂಕಿಗೆ ಹತ್ತುವಂಥದ್ದು, ಬರ್ನರ್ ಆರಿಸಿಯೇ ಹಾಕಬೇಕು. ಮೂರು ಫ್ಲಾಸ್ಕುಗಳಿಗೆ ಮಾತ್ರ ನೈಜರ್ ಬೀಜಕದ ದ್ರವ ಒಂದೊಂದು ಮಿಲಿಲೀಟರ್ ಹಾಕಿ. ನಾಲ್ಕನೆಯದು ಹಾಗೆಯೇ ಇರಲಿ. ಅದರ ಬೆಲೆ ಏನೆಂಬುದನ್ನು ಮೇಲೆ ಹೇಳಿದ್ದೇನೆ.

30 ಡಿಗ್ರಿಯಲ್ಲಿ ನಿಮಿಷಕ್ಕೆ 180ರಿಂದ 200 ಸುತ್ತು, ಏಳೆಂಟು ದಿನ. ಶಿಲೀಂಧ್ರ ಸಾಸಿವೆ ಕಾಳಿನ ಗಾತ್ರದ, ಅಂಚು ಸ್ಪಷ್ಟವಾದ ಬಿಳಿ ಉಂಡೆಗಳಾಗಿ ತೇಲುತ್ತಿದ್ದರೆ ಎಲ್ಲವೂ ಸರಿಯಿದೆ. ಉಂಡೆಯಾಗದೆ ಹತ್ತಿಯ ಸಿಂಬೆಯಂತೆ ಎಳೆಎಳೆಯಾಗಿ ಗಟ್ಟಿಗೊಂಡರೆ ಮ್ಯಾಂಗನೀಸ್ ಉಳಿದಿದೆ ಎಂದೇ ತಿಳಿಯಿರಿ. ವಿದ್ಯುತ್ ಕಡಿತದ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕು. ಆಮ್ಲ ತಯಾರಾಗುವ ದಿನಗಳಲ್ಲಿ ಶೇಕರ್ ಸ್ವಲ್ಪ ಹೊತ್ತು ನಿಂತು ಆಮ್ಲಜನಕ ತಪ್ಪಿದರೂ ಶಿಲೀಂಧ್ರ ಸಾಯುವುದಿಲ್ಲ, ಮುಂದೆಯೂ ಬೆಳೆಯುತ್ತದೆ, ಆದರೆ ಆಮ್ಲ ಕೊಡುವ ಅದರ ಶಕ್ತಿ ಮೊದಲಿನಂತೆ ಮರಳುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲವೆಂಬಂತೆ ಕಾಣುವುದರಿಂದ ಕಾರಣ ಹುಡುಕುತ್ತ ತಿಂಗಳುಗಳು ಹೋಗುತ್ತವೆ. ಶೇಕರಿಗೆ ಯುಪಿಎಸ್ ಇಲ್ಲದೆ ಈ ಹಂತವನ್ನು ಆರಂಭಿಸದಿರುವುದೇ ಲೇಸು.

ಅಳೆಯಲು, ಸೋಸಿದ ದ್ರವ ಒಂದು ಮಿಲಿಲೀಟರ್ ತೆಗೆದು ನೀರು ಬೆರೆಸಿ, ಫಿನಾಲ್ಫ್ತಲೀನ್ ಸೂಚಕ ಹಾಕಿ, 0.1 ನಾರ್ಮಲ್ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ, ಅಂದರೆ ತಿಳಿಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಸಿ. ನಾಲ್ಕನೆಯ ಫ್ಲಾಸ್ಕಿನ ಓದನ್ನು ಕಳೆದು ಉಳಿದ ಪ್ರತಿ ಮಿಲಿಲೀಟರ್ ಸೋಡಾಕ್ಕೆ 6.4 ಮಿಲಿಗ್ರಾಂ ಸಿಟ್ರಿಕ್ ಆಮ್ಲ. ಉದಾಹರಣೆಗೆ ಎಂಟು ಮಿಲಿಲೀಟರ್ ಬಂದರೆ ಲೀಟರಿಗೆ 51 ಗ್ರಾಂ, ಮೂರು ಫ್ಲಾಸ್ಕುಗಳ 150 ಮಿಲಿಲೀಟರಿನಲ್ಲಿ 7.7 ಗ್ರಾಂ. ಈ ವಿಧಾನ ಎಲ್ಲ ಆಮ್ಲಗಳನ್ನೂ ಒಟ್ಟಿಗೆ ಎಣಿಸುತ್ತದೆ. ಖಚಿತವಾಗಿ ಹೇಳಬೇಕೆಂದರೆ ಎಚ್‌ಪಿಎಲ್‌ಸಿ (ಆಮ್ಲಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಇರುವ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ.

ಹೊರತೆಗೆಯಲು, ಸೋಸಿದ ದ್ರವವನ್ನು 90 ಡಿಗ್ರಿಗೆ ಕಾಯಿಸಿ ಸುಣ್ಣದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು, 7.7 ಗ್ರಾಂ ಆಮ್ಲಕ್ಕೆ ಸುಮಾರು 4.5 ಗ್ರಾಂ ಅರಳಿಸಿದ ಸುಣ್ಣ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್). ಕ್ಯಾಲ್ಸಿಯಂ ಸಿಟ್ರೇಟ್ ಬಿಸಿನೀರಿನಲ್ಲಿ ತಣ್ಣೀರಿಗಿಂತ ಕಡಿಮೆ ಕರಗುವ ವಿಚಿತ್ರ ಲವಣವಾದ್ದರಿಂದ ಬಿಸಿಯಾಗಿರುವಾಗಲೇ ಸೋಸಿ, ಬಿಸಿನೀರಿನಿಂದಲೇ ತೊಳೆಯಬೇಕು. ಆ ಬಿಳಿ ಗಸಿಯನ್ನು ನೀರಿನಲ್ಲಿ ಕದಡಿ, ಮೊದಲೇ ನೀರಿಗೆ ಸುರಿದು ತೆಳುಗೊಳಿಸಿದ ಗಂಧಕಾಮ್ಲವನ್ನು (ಒಟ್ಟು ಸುಮಾರು 5.9 ಗ್ರಾಂ) ಹನಿಹನಿಯಾಗಿ ಹಾಕಿದರೆ ಜಿಪ್ಸಂ ಕೆಳಗೆ ಕೂರುತ್ತದೆ, ಸಿಟ್ರಿಕ್ ಆಮ್ಲ ದ್ರವದಲ್ಲಿ ಉಳಿಯುತ್ತದೆ. ಇದ್ದಿಲ ಪುಡಿಯಿಂದ ಬಣ್ಣ ತೆಗೆದು, ಆವಿಯಾಗಿಸಿ, ತಣ್ಣಗಿಟ್ಟರೆ ಹರಳು ಕಟ್ಟುತ್ತದೆ.

ಇದನ್ನು ಯಾವ ಕಾರಣಕ್ಕೂ ಬಾಯಿಗೆ ಹಾಕಬಾರದು. ಆಹಾರದರ್ಜೆಯ ಶುದ್ಧಿ ಪ್ರಯೋಗಾಲಯದ ಮೇಜಿನ ಮೇಲೆ ಬರುವಂಥದ್ದಲ್ಲ. ಇದರ ಸರಿಯಾದ ಉಪಯೋಗ ಹಿರಿಯೂರು, ಹೊಸದುರ್ಗದ ತೋಟಗಳಲ್ಲಿದೆ. ಕೊಳವೆಬಾವಿಯ ಗಡಸು ನೀರಿನಿಂದ ಡ್ರಿಪ್ಪರ್‌ಗಳ ಬಾಯಲ್ಲಿ ಬೆಳ್ಳಗೆ ಉಪ್ಪು ಕಟ್ಟಿ ದಾಳಿಂಬೆ ಗಿಡದ ಬುಡಕ್ಕೆ ನೀರು ಬೀಳದಿರುವುದು ಅಲ್ಲಿನ ನಿತ್ಯದ ಗೋಳು. ನಿಮ್ಮ 7.7 ಗ್ರಾಂ ಆಮ್ಲವನ್ನು ಒಂದು ಲೀಟರ್ ನೀರಿಗೆ ಕರಗಿಸಿ, ಕಟ್ಟಿಕೊಂಡ ಡ್ರಿಪ್ಪರ್‌ಗಳನ್ನು ಬಿಚ್ಚಿ ತಂದು ಅದರಲ್ಲಿ ರಾತ್ರಿಯಿಡೀ ನೆನೆಸಿಡಿ. ಹಾಕಿದ ಕೂಡಲೇ ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಸುಣ್ಣದ ಕಾರ್ಬೋನೇಟ್ ಕರಗಿ ಬಿಡುವ ಇಂಗಾಲದ ಡೈಆಕ್ಸೈಡ್. ಲೆಕ್ಕದ ಪ್ರಕಾರ ಅಷ್ಟು ಆಮ್ಲ 6 ಗ್ರಾಂ ಕಾರ್ಬೋನೇಟನ್ನು ಕರಗಿಸಬಲ್ಲದಾದರೂ, ಅಂಚಿನವರೆಗೆ ಹೋದರೆ ಕ್ಯಾಲ್ಸಿಯಂ ಸಿಟ್ರೇಟೇ ಗಸಿಯಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ 3 ಗ್ರಾಂ ಉಪ್ಪಿಗಿಂತ ಹೆಚ್ಚಿಗೆ ಅದನ್ನು ಒಡ್ಡಬೇಡಿ. ಬೆಳಿಗ್ಗೆ ತೆಗೆದು, ಒಳ್ಳೆಯ ನೀರು ಹಾಯಿಸಿ, ಮತ್ತೆ ಪೈಪಿಗೆ ಸಿಕ್ಕಿಸಿ, ಪ್ರತಿ ಡ್ರಿಪ್ಪರ್ ಗಂಟೆಗೆ ಎಷ್ಟು ನೀರು ಬಿಡುತ್ತದೆಂದು ಅಳತೆಯ ಲೋಟ ಹಿಡಿದು ನೋಡಿ, ನೆನೆಸುವ ಮೊದಲಿನ ಅಳತೆಯ ಪಕ್ಕದಲ್ಲಿಯೇ ಬರೆದಿಡಿ.